ಬೀಳುವುದೇ ಆಟ, ಮರಳುವುದೇ ಗೆಲುವು

ಕಪ್ಪುರಂಧ್ರದ ಅಂಚಿಗೆ ನೌಕೆ ನುಗ್ಗಿಸಿ ಪಾರಾಗಿ ಬರುವ ಸಾಹಸಿಗರಿಗೆ ವೈಜ್ಞಾನಿಕ ಕಥೆಗಳಲ್ಲಿ ಬರವಿಲ್ಲ. ಅವರ ಆಟಕ್ಕೆ ಭೌತವಿಜ್ಞಾನದ ಒಪ್ಪಿಗೆ ಎಷ್ಟರಮಟ್ಟಿಗೆ ಇದೆ? ಲೆಕ್ಕ ಹಾಕುತ್ತ ಹೋದರೆ ಅಲ್ಲಿನ ಎದುರಾಳಿ ವೇಗವೂ ಅಲ್ಲ, ಗುರುತ್ವವೂ ಅಲ್ಲ, ಗಡಿಯಾರ ಎಂಬುದು ಗೊತ್ತಾಗುತ್ತದೆ.

ಬಿಯೊವುಲ್ಫ್ ಶೇಫರ್ ಕೆಲಸ ಕಳೆದುಕೊಂಡ ಪೈಲಟ್. ಮೈತುಂಬ ಸಾಲ. ಅವನಿಗೊಂದು ಕೆಲಸ ಗಂಟುಬೀಳುತ್ತದೆ: ನ್ಯೂಟ್ರಾನ್ ನಕ್ಷತ್ರವೊಂದರತ್ತ ಧುಮುಕಬೇಕು, ಅದರ ಮೇಲ್ಮೈಗೆ ಒಂದು ಮೈಲಿಯಷ್ಟು ಸಮೀಪ ಹಾದು ಹೊರಬರಬೇಕು. ಮೊದಲು ಹೋದ ಇಬ್ಬರು ಹೆಣವಾಗಿ ವಾಪಸಾಗಿದ್ದಾರೆ. ಅವರ ನೌಕೆಯ ಕವಚಕ್ಕೆ ಮಾತ್ರ ಒಂದು ಗೀರೂ ಬಿದ್ದಿಲ್ಲ. ಯಾವ ಆಯುಧಕ್ಕೂ ಜಗ್ಗದ ಆ ಕವಚವನ್ನು ದಾಟಿ ಒಳಗಿದ್ದವರನ್ನು ಕೊಂದದ್ದಾದರೂ ಏನು? ಶೇಫರ್‌ಗೆ ಉತ್ತರ ಹೊಳೆಯುವ ಹೊತ್ತಿಗೆ ನೌಕೆ ಬೀಳತೊಡಗಿರುತ್ತದೆ. ಅವನು ನೌಕೆಯ ನಡುವಿನ ಕಿರಿದಾದ ಕೊಳವೆಗೆ ತೂರಿಕೊಂಡು, ನೌಕೆಯ ಗುರುತ್ವ ಕೇಂದ್ರ ಎಲ್ಲಿದೆಯೋ ಸರಿಯಾಗಿ ಅಲ್ಲೇ ಕೈಕಾಲು ಒತ್ತಿ ನಿಲ್ಲುತ್ತಾನೆ. ತಲೆಯನ್ನು ಒಂದು ಕಡೆಗೆ, ಕಾಲನ್ನು ಇನ್ನೊಂದು ಕಡೆಗೆ ಏನೋ ಜಗ್ಗುತ್ತಿರುತ್ತದೆ. ಹೇಗೋ ಬದುಕಿ ಬರುತ್ತಾನೆ.

ಅಮೆರಿಕದ ಲ್ಯಾರಿ ನಿವೆನ್ 1966ರಲ್ಲಿ ಬರೆದ ‘ನ್ಯೂಟ್ರಾನ್ ಸ್ಟಾರ್’ ಕಥೆಯಿದು. ಮರುವರ್ಷ ಇದಕ್ಕೆ ಹ್ಯೂಗೊ ಪ್ರಶಸ್ತಿ ಬಂತು. ಕೊಲೆಗಾರ ಬೇರೆ ಯಾರೂ ಅಲ್ಲ, ಸಮುದ್ರದಲ್ಲಿ ಉಬ್ಬರ ಇಳಿತ ತರುವ ಅದೇ ಬಲ. ಕೆಲಸ ಕೊಟ್ಟ ಅನ್ಯಗ್ರಹದ ಜೀವಿಗಳಿಗೆ ಅದರ ಅಂದಾಜೇ ಇರಲಿಲ್ಲ. ಹಾಗಾದರೆ ಅವರ ಗ್ರಹಕ್ಕೆ ಚಂದ್ರನಿಲ್ಲ ಎಂದು ಶೇಫರ್ ಊಹಿಸುತ್ತಾನೆ. ಆ ಗುಟ್ಟನ್ನೇ ಮುಂದಿಟ್ಟು ಅವರಿಂದ ಇನ್ನಷ್ಟು ದುಡ್ಡು ಕೀಳುತ್ತಾನೆ.

ನಿವೆನ್ ಇದನ್ನು ಬರೆದಾಗ ನ್ಯೂಟ್ರಾನ್ ನಕ್ಷತ್ರ ಕಾಗದದ ಮೇಲಿನ ಊಹೆಯಷ್ಟೇ. ಮೊದಲ ಪಲ್ಸಾರ್ ಪತ್ತೆಯಾದದ್ದು 1967ರಲ್ಲಿ. ಜಾನ್ ವೀಲರ್ ತಮ್ಮ ಉಪನ್ಯಾಸದಲ್ಲಿ ‘ಬ್ಲ್ಯಾಕ್ ಹೋಲ್’ ಎಂಬ ಹೆಸರು ಬಳಸಿ ಅದನ್ನು ಚಾಲ್ತಿಗೆ ತಂದದ್ದೂ ಅದೇ ವರ್ಷದ ಕೊನೆಯಲ್ಲಿ. ಕಥೆಗಾರರು ದೂರದರ್ಶಕಗಳಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದರು.

ಬಡಾಯಿಯಿಂದ ಹುಟ್ಟಿದ ಪಂದ್ಯ

ಶೇಫರ್ ಧುಮುಕಿದ್ದು ಹೊಟ್ಟೆಪಾಡಿಗೆ. ಖುಷಿಗಾಗಿ, ಹೆಸರಿಗಾಗಿ, ಬಾಜಿಗಾಗಿ ಧುಮುಕುವವರ ಕಥೆ ಬೇರೆಯೇ ಇದೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಹುಟ್ಟಿದ್ದು ಒಂದು ಬಡಾಯಿಯಿಂದ. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಕಳ್ಳಸಾಗಣೆಯ ಹ್ಯಾನ್ ಸೋಲೋ, ಕೆಸೆಲ್ ಹಾದಿಯನ್ನು ತನ್ನ ನೌಕೆ 12 ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ಪಾರ್ಸೆಕ್ ದೂರದ ಅಳತೆ. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ. ವೇಗದ ಜಂಬ ಕೊಚ್ಚುವವನು ದೂರದ ಲೆಕ್ಕ ಹೇಳಿದರೆ ಹೇಗೆ ಎಂದು ವಿಜ್ಞಾನ ಬಲ್ಲವರು ನಕ್ಕರು.

ತೊಂಬತ್ತರ ದಶಕದಲ್ಲಿ ಬಂದ ಕಾದಂಬರಿಗಳು ಈ ಎಡವಟ್ಟಿಗೆ ತೇಪೆ ಹಚ್ಚಿದವು. ಕೆಸೆಲ್ ಬಳಿ ‘ಮಾ’ ಎಂಬ ಕಪ್ಪುರಂಧ್ರಗಳ ಗೊಂಚಲಿದೆ, ಬುದ್ಧಿಯಿದ್ದವರು ಅದನ್ನು ದೂರದಿಂದ ಬಳಸಿ ಹೋಗುತ್ತಾರೆ, ಎದೆಗಾರಿಕೆ ಇದ್ದವರು ಅಂಚಿಗೆ ಒತ್ತಿಕೊಂಡು ಹೋಗುತ್ತಾರೆ ಎಂದು ಅವು ವಿವರಿಸಿದವು. ಹತ್ತಿರ ಹೋದಷ್ಟೂ ದಾರಿ ಮೊಟಕಾಗುತ್ತದೆ, ಸಾವು ಹತ್ತಿರವಾಗುತ್ತದೆ. ಹಾಗಾಗಿ ದೂರ ಕಡಿಮೆ ಎಂದರೆ ಧೈರ್ಯ ಜಾಸ್ತಿ! ತೇಪೆ ಹಚ್ಚಲು ಹೋದವರ ಕೈಗೆ ಒಂದು ಸೊಗಸಾದ ಆಟವೇ ಸಿಕ್ಕಿತು. ಆಟಕ್ಕೆ ಬೇಕಾದ ಮೂರೂ ಅದರಲ್ಲಿವೆ: ಅಳತೆ, ಅಪಾಯ, ಕೊಚ್ಚಿಕೊಳ್ಳಲು ಒಂದು ಅಂಕಿ. 2018ರ ‘ಸೋಲೋ’ ಚಿತ್ರದಲ್ಲಿ ಆ ಓಟವನ್ನು ತೆರೆಯ ಮೇಲೂ ತೋರಿಸಿದರು.

ಇದಕ್ಕೂ ಮೊದಲೇ, 1964ರಲ್ಲಿ, ಆರ್ಥರ್ ಸಿ. ಕ್ಲಾರ್ಕ್ ಬಾಹ್ಯಾಕಾಶಕ್ಕೆ ಒಂದು ಅಚ್ಚುಕಟ್ಟಾದ ಕ್ರೀಡೆ ಕೊಟ್ಟಿದ್ದರು. ಸೂರ್ಯನ ಬೆಳಕಿನ ಒತ್ತಡವನ್ನೇ ನೆಚ್ಚಿಕೊಂಡ ಹಾಯಿ ನೌಕೆಗಳು ಚಂದ್ರನತ್ತ ಓಡುವ ಪಂದ್ಯ ಅದು. 1998ರಲ್ಲಿ ನಾಸಾ ವಿಜ್ಞಾನಿಯೂ ಆದ ಜೆಫ್ರಿ ಲ್ಯಾಂಡಿಸ್ ‘ಅಪ್ರೋಚಿಂಗ್ ಪೆರಿಮೆಲಾಸ್ಮ’ ಕಥೆಯಲ್ಲಿ ಕಪ್ಪುರಂಧ್ರದೊಳಕ್ಕೇ ಧುಮುಕುವವನೊಬ್ಬನನ್ನು ತಂದರು. ಹಾರುವವನು ಮೂಲ ಮನುಷ್ಯನಲ್ಲ, ಅವನ ಪ್ರತಿ. ಮೂಲದವನು ಹೊರಗೆ ಸುರಕ್ಷಿತವಾಗಿರುತ್ತಾನೆ. ಕಂಪ್ಯೂಟರ್ ಆಟಗಳಿಗೂ ಈ ಗೀಳು ಹತ್ತಿದೆ. 2014ರಲ್ಲಿ ಬಂದ ‘ಎಲೀಟ್ ಡೇಂಜರಸ್’ನಲ್ಲಿ ನ್ಯೂಟ್ರಾನ್ ನಕ್ಷತ್ರದಿಂದ ಚಿಮ್ಮುವ ಜೆಟ್‌ನೊಳಗೆ ನೌಕೆ ತೂರಿಸಿದರೆ ಮುಂದಿನ ಜಿಗಿತದ ದೂರ ನಾಲ್ಕು ಪಟ್ಟಾಗುತ್ತದೆ. ಹೆಚ್ಚು ಹೊತ್ತು ಒಳಗೆ ಉಳಿದರೆ ನೌಕೆಯೇ ಹಾಳಾಗುತ್ತದೆ. ಕ್ಷೀರಪಥದ ನಡುವಿರುವ ಕಪ್ಪುರಂಧ್ರಕ್ಕೆ ಮೊದಲು ಮುಟ್ಟುವವರು ಯಾರು ಎಂದು ಆಟಗಾರರು ರಾತ್ರಿಯಿಡೀ ಪೈಪೋಟಿಗೆ ಬೀಳುವುದುಂಟು.

ಕಥೆ, ಸಿನಿಮಾ, ಆಟ ಎಲ್ಲ ಸರಿ. ನಿಜವಾದ ಕಪ್ಪುರಂಧ್ರದ ಬಳಿ ನಿಜವಾದ ಆಟಗಾರ ಹೋದರೆ ಏನಾಗುತ್ತದೆ?

ಮೈಗೆ ಏನೂ ತಿಳಿಯದ ಸಾಹಸ

ಸಿನಿಮಾದಲ್ಲಿ ನೌಕೆ ಕಪ್ಪುರಂಧ್ರದ ಹತ್ತಿರ ಹೋದಂತೆ ಪೈಲಟ್‌ನ ಕೆನ್ನೆ ಹಿಂದಕ್ಕೆ ಜಗ್ಗುತ್ತದೆ, ಸೀಟು ನಡುಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತಾನೆ. ನಿಜವಾಗಿ ಎಂಜಿನ್ ಆರಿಸಿ ಬೀಳುವವನಿಗೆ ಭಾರವೇ ಇರುವುದಿಲ್ಲ. ಅವನು, ಅವನ ಸೀಟು, ಕೈಯಿಂದ ಜಾರಿದ ಪೆನ್ನು, ಎಲ್ಲವೂ ಒಂದೇ ರೀತಿ ಬೀಳುತ್ತಿರುತ್ತವೆ. ಇದು ಮುಕ್ತಪತನ; ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ತೇಲುವುದೂ ಇದರಿಂದಲೇ. ಬೆಳಕಿನ ಅರ್ಧ ವೇಗದಲ್ಲಿ ಧಾವಿಸುತ್ತಿದ್ದರೂ ಕಣ್ಣು ಮುಚ್ಚಿದರೆ ಮಂಚದ ಮೇಲೆ ಮಲಗಿದಷ್ಟೂ ಒತ್ತಡ ಮೈಗೆ ತಾಗುವುದಿಲ್ಲ.

ತಾಗುವುದು ಒಂದೇ: ನಿವೆನ್ ಕಥೆಯ ಕೊಲೆಗಾರ ಬಲ. ಕಾಲು ರಂಧ್ರಕ್ಕೆ ಹತ್ತಿರ, ತಲೆ ದೂರ. ಹಾಗಾಗಿ ಕಾಲಿನ ಮೇಲಿನ ಸೆಳೆತ ತಲೆಯ ಮೇಲಿನದಕ್ಕಿಂತ ತುಸು ಹೆಚ್ಚು. ಆ ವ್ಯತ್ಯಾಸ ದೇಹವನ್ನು ಉದ್ದಕ್ಕೆ ಎಳೆಯುತ್ತದೆ. ದೂರ ಅರ್ಧವಾದರೆ ಈ ಎಳೆತ ಎಂಟು ಪಟ್ಟಾಗುತ್ತದೆ. ಸೂರ್ಯನ ಹತ್ತು ಪಟ್ಟು ತೂಕದ ಕಪ್ಪುರಂಧ್ರವನ್ನು ತೆಗೆದುಕೊಳ್ಳಿ. 1,560 ಜ್ಯೋತಿರ್ವರ್ಷ ಆಚೆ, 2022ರಲ್ಲಿ ಪತ್ತೆಯಾದ ‘ಗಾಯಾ ಬಿಎಚ್1’ ಹೆಚ್ಚುಕಡಿಮೆ ಅಷ್ಟೇ ತೂಕದ್ದು. ಹೊಕ್ಕರೆ ಬೆಳಕೂ ಮರಳಲಾಗದ ಗಡಿಗೆ ಘಟನಾ ದಿಗಂತ ಎನ್ನುತ್ತಾರೆ. ಇದರಲ್ಲಿ ಅದು ಕೇಂದ್ರದಿಂದ ಬರೀ 30 ಕಿ.ಮೀ. ದೂರದಲ್ಲಿದೆ. ಸುಮಾರು 8,000 ಕಿ.ಮೀ. ದೂರದಲ್ಲಿದ್ದಾಗಲೇ ಎರಡು ಮೀಟರ್ ಉದ್ದದ ದೇಹದ ಎರಡು ತುದಿಗಳ ನಡುವಿನ ವ್ಯತ್ಯಾಸ ಭೂಮಿಯ ಗುರುತ್ವದಷ್ಟಾಗುತ್ತದೆ. ದಿಗಂತದ ಬಳಿ ಅದು ಸುಮಾರು ಎರಡು ಕೋಟಿ ಪಟ್ಟು. ಅಲ್ಲಿಗೆ ಮನುಷ್ಯ ಮುಟ್ಟುವುದಿಲ್ಲ, ಅವನ ಪರಮಾಣುಗಳು ಮುಟ್ಟುತ್ತವೆ.

ಇನ್ನು ನಮ್ಮ ಕ್ಷೀರಪಥದ ನಟ್ಟನಡುವಿನ ದೈತ್ಯ ಕಪ್ಪುರಂಧ್ರ ‘ಸ್ಯಾಜಿಟೇರಿಯಸ್ ಎ ಸ್ಟಾರ್’. 2022ರ ಮೇ ತಿಂಗಳಲ್ಲಿ ಅದರ ಚಿತ್ರ ಪ್ರಕಟವಾಯಿತು. ತೂಕ 43 ಲಕ್ಷ ಸೂರ್ಯರಷ್ಟು. ಇದರ ದಿಗಂತ ಕೇಂದ್ರದಿಂದ 1.27 ಕೋಟಿ ಕಿ.ಮೀ. ದೂರದಲ್ಲಿದೆ. ಆ ಗಡಿಯಲ್ಲಿ ನಿಂತವನ ಮೈ ಮೇಲಿನ ಎಳೆತ ಭೂಗುರುತ್ವದ ಒಂಬತ್ತು ಸಾವಿರದಲ್ಲಿ ಒಂದು ಪಾಲು. ಗಡಿ ದಾಟಿದ್ದೂ ಅವನಿಗೆ ತಿಳಿಯದು. ಲೋಕರೂಢಿಗೆ ಇದು ತಲೆಕೆಳಗು: ಪುಟ್ಟ ಕಪ್ಪುರಂಧ್ರ ದಿಗಂತಕ್ಕಿಂತ ಎಷ್ಟೋ ಹೊರಗೇ ಹರಿದು ಹಾಕುತ್ತದೆ, ದೈತ್ಯ ರಂಧ್ರ ಮೈಮುಟ್ಟದೆ ಒಳಗೆ ಬಿಟ್ಟುಕೊಳ್ಳುತ್ತದೆ. ಕ್ರೀಡಾಂಗಣ ಹುಡುಕುವವರಿಗೆ ದೊಡ್ಡದೇ ಮೇಲು. ಕಷ್ಟ ಏನೆಂದರೆ, ಅದು ಇರುವುದು ಸುಮಾರು 26,000 ಜ್ಯೋತಿರ್ವರ್ಷ ಆಚೆ.

ವೇಗ ಎಲ್ಲಿಂದ ಬಂತು?

ಕಥೆಗಳು ಅತಿ ಹೆಚ್ಚು ಎಡವುವುದು ಇಲ್ಲಿ. ನಾಯಕ ಕಪ್ಪುರಂಧ್ರದತ್ತ ನುಗ್ಗುತ್ತಾನೆ, ಅರ್ಧ ಸುತ್ತು ಹಾಕುತ್ತಾನೆ, ಹೋದದ್ದಕ್ಕಿಂತ ಹತ್ತು ಪಟ್ಟು ವೇಗದಲ್ಲಿ ಕವಣೆಕಲ್ಲಿನಂತೆ ಹೊರಗೆ ಚಿಮ್ಮುತ್ತಾನೆ. ನೋಡಲು ಚೆಂದ, ಆದರೆ ಲೆಕ್ಕ ತಾಳೆಯಾಗದು. ಬೀಳುವಾಗ ಗಳಿಸಿದ ವೇಗವನ್ನೆಲ್ಲ ಏರುವಾಗ ಗುರುತ್ವ ಚುಕ್ತಾ ಮಾಡಿಕೊಳ್ಳುತ್ತದೆ. ಪಾರ್ಕರ್ ಸೌರನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ದೂರದಲ್ಲಿ ಹಾದಾಗ ಗಂಟೆಗೆ 6.92 ಲಕ್ಷ ಕಿ.ಮೀ. ವೇಗ ಮುಟ್ಟಿತ್ತು. ಮನುಷ್ಯ ಮಾಡಿದ ಯಾವ ವಸ್ತುವೂ ಅಷ್ಟು ವೇಗ ಕಂಡಿರಲಿಲ್ಲ. ಆ ವೇಗ ಸೂರ್ಯನ ಬಳಿಯಷ್ಟೇ; ದೂರ ಸರಿದಂತೆ ಅದೂ ಕರಗುತ್ತ ಹೋಗುತ್ತದೆ.

ಹಾಗಾದರೆ ವಾಯೇಜರ್ ನೌಕೆಗಳು ಗುರುಗ್ರಹದಿಂದ ವೇಗ ಪಡೆದದ್ದು ಹೇಗೆ? ಗೋಡೆಗೆ ಎಸೆದ ಚೆಂಡು ಎಸೆದಷ್ಟೇ ವೇಗದಲ್ಲಿ ವಾಪಸ್ ಬರುತ್ತದೆ. ಎದುರಿನಿಂದ ಬೀಸಿ ಬಂದ ಬ್ಯಾಟಿಗೆ ತಾಗಿದ ಚೆಂಡು ಬೌಂಡರಿ ದಾಟುತ್ತದೆ. ಗುರು ಸೂರ್ಯನ ಸುತ್ತ ಓಡುತ್ತಿರುವ ಬ್ಯಾಟು. ಅದರ ಓಟದಿಂದ ನೌಕೆ ಚೂರು ಪಾಲು ಕಿತ್ತುಕೊಳ್ಳುತ್ತದೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಮೈಕೆಲ್ ಮಿನೋವಿಚ್ ಎಂಬ ವಿದ್ಯಾರ್ಥಿ 1961ರಲ್ಲೇ ಇದರ ಲೆಕ್ಕ ಹಾಕಿದ್ದ. 1974ರಲ್ಲಿ ಮ್ಯಾರಿನರ್ 10 ಶುಕ್ರನ ನೆರವಿನಿಂದ ಬುಧನನ್ನು ಮುಟ್ಟಿತು. ಅದು ಶುಕ್ರನಿಂದ ಪಡೆದದ್ದು ವೇಗವನ್ನಲ್ಲ, ವೇಗ ತಗ್ಗಿಸಿಕೊಳ್ಳುವ ಅವಕಾಶವನ್ನು. ಈ ಉಪಾಯ ಎರಡೂ ಕಡೆಗೆ ನಡೆಯುತ್ತದೆ.

ಅಂದರೆ ಒಂಟಿಯಾಗಿ ನಿಂತ ಕಪ್ಪುರಂಧ್ರ ಗೋಡೆಯಿದ್ದಂತೆ, ದಿಕ್ಕು ತಿರುಗಿಸೀತೇ ಹೊರತು ವೇಗ ಕೊಡದು. ಜೋಡಿ ಬೇಕು. ಫ್ರೀಮನ್ ಡೈಸನ್ 1963ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇದನ್ನೇ ಹೇಳಿದ್ದರು: ಒಂದನ್ನೊಂದು ಸುತ್ತುವ ಎರಡು ಶ್ವೇತಕುಬ್ಜ ನಕ್ಷತ್ರಗಳ ನಡುವೆ ನೌಕೆ ಕಳಿಸಿದರೆ ಸೆಕೆಂಡಿಗೆ ಸುಮಾರು 2,000 ಕಿ.ಮೀ. ವೇಗದಲ್ಲಿ ಆಚೆ ಬರುತ್ತದೆ. ಅಷ್ಟೆಲ್ಲ ವೇಗ ಏರಿದರೂ ಮುಕ್ತಪತನದಲ್ಲಿರುವ ಪ್ರಯಾಣಿಕನಿಗೆ ಏನೂ ಅನಿಸದು ಎಂಬುದನ್ನೂ ಅವರು ಗಮನಿಸಿದ್ದರು.

ಪ್ರಕೃತಿ ಈ ಪಂದ್ಯವನ್ನು ಆಗಲೇ ಆಡಿಯಾಗಿದೆ. ಜೋಡಿ ನಕ್ಷತ್ರವೊಂದು ದೈತ್ಯ ಕಪ್ಪುರಂಧ್ರದ ತೀರಾ ಸಮೀಪ ಬಂದರೆ ಜೋಡಿ ಒಡೆದು, ಒಂದು ಅಲ್ಲೇ ಸೆರೆಯಾಗಿ ಇನ್ನೊಂದು ಹೊರಗೆ ಚಿಮ್ಮುತ್ತದೆ ಎಂದು ಜ್ಯಾಕ್ ಹಿಲ್ಸ್ 1988ರಲ್ಲಿ ಲೆಕ್ಕ ಹಾಕಿದರು. 2019ರಲ್ಲಿ ಖಗೋಳಜ್ಞರು ‘ಎಸ್5–ಎಚ್‌ವಿಎಸ್1’ ಎಂಬ ನಕ್ಷತ್ರವನ್ನು ಕಂಡುಹಿಡಿದರು. ಸೆಕೆಂಡಿಗೆ 1,700 ಕಿ.ಮೀ.ಗೂ ಹೆಚ್ಚು ವೇಗ. ಅದು ಬಂದ ದಾರಿಯನ್ನು ಹಿಂದಕ್ಕೆ ಎಳೆದರೆ ಸುಮಾರು 48 ಲಕ್ಷ ವರ್ಷಗಳ ಹಿಂದೆ ನೇರ ಕ್ಷೀರಪಥದ ನಡುವಿಗೆ, ಆ ಕಪ್ಪುರಂಧ್ರದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅದು ಈಗ ಕ್ಷೀರಪಥವನ್ನೇ ಬಿಟ್ಟು ಹೊರಟಿದೆ. ಗೆದ್ದವನು ಹೊರಗೆ, ಜೊತೆಗಾರ ಒಳಗೆ: ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ತಳದಲ್ಲಿ ಒಂದು ಒದೆ

ಒಂಟಿ ಕಪ್ಪುರಂಧ್ರದಿಂದಲೂ ಲಾಭ ಎತ್ತುವ ಒಂದು ಜಾಣ ದಾರಿಯಿದೆ. ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದ ರಾಕೆಟ್ ಪ್ರವರ್ತಕ ಹರ್ಮನ್ ಓಬರ್ತ್ ಹೆಸರು ಅದಕ್ಕಿದೆ. ವೇಗವಾಗಿ ಓಡುತ್ತಿರುವಾಗ ಎಂಜಿನ್ ಉರಿಸಿದರೆ ಅಷ್ಟೇ ಇಂಧನಕ್ಕೆ ಹೆಚ್ಚು ಶಕ್ತಿ ಕೈಸೇರುತ್ತದೆ. ಬೀಳುವ ನೌಕೆಯ ವೇಗ ಪರಮಾವಧಿ ಮುಟ್ಟುವುದು ದಾರಿಯ ಅತಿ ತಳದ ಬಿಂದುವಿನಲ್ಲಿ. ಒದೆ ಕೊಡುವುದಿದ್ದರೆ ಅಲ್ಲೇ ಕೊಡಬೇಕು.

ಇದನ್ನು ಬೆಂಗಳೂರಿನಿಂದಲೇ ಮಾಡಿ ತೋರಿಸಿದ್ದಾರೆ. 2013ರ ನವೆಂಬರ್ 5ರಂದು ಹಾರಿದ ಮಂಗಳಯಾನ ಹೆಚ್ಚುಕಡಿಮೆ ತಿಂಗಳಿಡೀ ಭೂಮಿಯನ್ನೇ ಸುತ್ತಿತು. ಹಲವು ಬಾರಿ ಭೂಮಿಗೆ ಅತಿ ಸಮೀಪ ಬಂದಾಗ ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದ ಆಜ್ಞೆ ಪಡೆದು ಎಂಜಿನ್ ಉರಿಸುತ್ತಿತ್ತು; ಕಕ್ಷೆ ಪ್ರತಿ ಸಲ ಇನ್ನಷ್ಟು ಉದ್ದಕ್ಕೆ ಚಾಚಿಕೊಳ್ಳುತ್ತಿತ್ತು. ಡಿಸೆಂಬರ್ 1ರ ನಡುರಾತ್ರಿ ದಾಟಿದ ಮೇಲೆ ಕೊನೆಯ ಒದೆ, ಸುಮಾರು 22 ನಿಮಿಷದ್ದು. ಸೆಕೆಂಡಿಗೆ 648 ಮೀಟರ್ ವೇಗ ಸೇರಿ ನೌಕೆ ಮಂಗಳದ ದಾರಿ ಹಿಡಿಯಿತು. ಅದರ ಎಂಜಿನ್ ಪುಟ್ಟದು, 440 ನ್ಯೂಟನ್ ತಳ್ಳುಬಲದ್ದು. ಭೂಮಿಯ ಸಮೀಪ ಇರುವ ಹೊತ್ತೋ ಚಿಕ್ಕದು. ಹಾಗಾಗಿ ಒಂದೇ ಸಲಕ್ಕೆ ಆಗದ್ದನ್ನು ಕಂತಿನಲ್ಲಿ ತೀರಿಸಿದರು.

ಇದೇ ಉಪಾಯವನ್ನು ಹತ್ತು ಸೂರ್ಯರ ತೂಕದ ಕಪ್ಪುರಂಧ್ರದ ಬಳಿ ಬಳಸಿ ನೋಡಿ. ಬಹುದೂರದಿಂದ ಬಿದ್ದ ನೌಕೆ ರಂಧ್ರದಿಂದ ಸುಮಾರು 26 ಲಕ್ಷ ಕಿ.ಮೀ. ದೂರದಲ್ಲಿ ಹಾಯುವಾಗ ಸೆಕೆಂಡಿಗೆ 1,000 ಕಿ.ಮೀ. ವೇಗದಲ್ಲಿರುತ್ತದೆ. ಅಲ್ಲಿ ಎಂಜಿನ್ ಬರೀ ಒಂದು ಕಿ.ಮೀ. ವೇಗ ಸೇರಿಸಿದರೆ, ರಂಧ್ರದ ಹಿಡಿತದಿಂದ ಪೂರ್ತಿ ಹೊರಬಂದ ಮೇಲೂ ಸೆಕೆಂಡಿಗೆ 45 ಕಿ.ಮೀ. ಉಳಿಯುತ್ತದೆ. ಒಂದು ಕೊಟ್ಟು ನಲವತ್ತೈದು ಪಡೆಯುವ ವ್ಯಾಪಾರ! ಇನ್ನೂ ಒಳಗೆ, 26,500 ಕಿ.ಮೀ.ಗೆ ಇಳಿದರೆ ಅದೇ ಒಂದು ಕಿ.ಮೀ.ಗೆ 141 ಸಿಗುತ್ತದೆ. ಮೈಯ ಮೇಲಿನ ಎಳೆತ ಅಲ್ಲೂ ಭೂಗುರುತ್ವದ ನೂರರಲ್ಲಿ ಮೂರು ಪಾಲಷ್ಟೇ.

ಆದರೆ ಅಲ್ಲಿ ನೌಕೆಯ ವೇಗ ಸೆಕೆಂಡಿಗೆ 10,000 ಕಿ.ಮೀ. ತಳದ ಬಿಂದು ಎರಡು ಮೂರು ಸೆಕೆಂಡಿನಲ್ಲಿ ಕಳೆದುಹೋಗುತ್ತದೆ. ಅಷ್ಟರೊಳಗೆ ಒಂದು ಕಿ.ಮೀ. ವೇಗ ಸೇರಿಸಲು ಎಂಜಿನ್ ಭೂಗುರುತ್ವದ 34 ಪಟ್ಟು ಜೋರಿನಲ್ಲಿ ಒದೆಯಬೇಕು. ಯುದ್ಧವಿಮಾನದ ನುರಿತ ಪೈಲಟ್ ವಿಶೇಷ ಉಡುಪು ತೊಟ್ಟು ತಾಳುವುದು ಒಂಬತ್ತು ಪಟ್ಟಿನ ಆಸುಪಾಸು. ಮೇಲಿನ 26 ಲಕ್ಷ ಕಿ.ಮೀ. ಹಾದಿಯಲ್ಲಾದರೆ ಮುಕ್ಕಾಲು ಗಂಟೆ ಬಿಡುವಿರುತ್ತದೆ, ಆರಾಮಾಗಿ ಉರಿಸಬಹುದು. ಎಷ್ಟು ಒಳಗೆ ಇಳಿಯಬೇಕು, ಎಷ್ಟು ಜೋರಾಗಿ ಒದೆಯಬೇಕು, ಎಲುಬು ಎಷ್ಟು ತಾಳುತ್ತದೆ: ಇಲ್ಲಿ ನಿಜವಾದ ಕ್ರೀಡೆಯ ಹದ ಸಿಗುತ್ತದೆ. ಗಮನಿಸಿ, ಆಟಗಾರನನ್ನು ಜಜ್ಜುವುದು ಕಪ್ಪುರಂಧ್ರವಲ್ಲ, ಅವನದೇ ಎಂಜಿನ್. ‘ಸೋಲೋ’ ಚಿತ್ರದವರು ಬೇಕೆಂದು ಮಾಡಿದರೋ ಇಲ್ಲವೋ, ಗುರುತ್ವದ ಕೂಪದ ಆಳದಲ್ಲಿ ಒಂದು ತೊಟ್ಟು ಜಬರ್ದಸ್ತು ಇಂಧನ ಉರಿಸಿ ನೌಕೆ ಹೊರಬರುವ ದೃಶ್ಯ ಮಾತ್ರ ಈ ಲೆಕ್ಕಕ್ಕೆ ಹತ್ತಿರವಿದೆ.

ತಿರುಗುವ ರಂಧ್ರದ ಖಜಾನೆ

ರಂಧ್ರ ತಿರುಗುತ್ತಿದ್ದರೆ ಆಟ ಬದಲಾಗುತ್ತದೆ. ತಿರುಗುವ ಕಪ್ಪುರಂಧ್ರದ ಗಣಿತವನ್ನು ನ್ಯೂಜಿಲೆಂಡಿನ ರಾಯ್ ಕೆರ್ 1963ರಲ್ಲಿ ಕೊಟ್ಟರು. ಅಂಥ ರಂಧ್ರದಲ್ಲಿ ಯಾವುದೂ ನಿಂತಲ್ಲಿ ನಿಲ್ಲಲಾಗದ ಮೇಲ್ಮೈ ಒಂದು, ಹೊಕ್ಕರೆ ಮರಳಲಾಗದ ಮೇಲ್ಮೈ ಇನ್ನೊಂದು, ಇವೆರಡೂ ಬೇರೆ ಬೇರೆ ಎಂದು 1968ರಲ್ಲಿ ಸ್ಪಷ್ಟವಾಗಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ, ಮುಂದೆ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ಕಪ್ಪುರಂಧ್ರವನ್ನು ಕೆಣಕಿದರೆ ಅದು ತನ್ನದೇ ಸ್ವರದಲ್ಲಿ ಕಂಪಿಸಿ ಅಡಗುತ್ತದೆ ಎಂದು 1970ರಲ್ಲಿ ಹೇಳಿದವರೂ ಅವರೇ. 2015ರ ಸೆಪ್ಟೆಂಬರ್‌ನಲ್ಲಿ ಲೈಗೋ ವೀಕ್ಷಣಾಲಯ ಮೊದಲ ಬಾರಿಗೆ ಗುರುತ್ವ ಅಲೆ ಹಿಡಿದಾಗ, ಎರಡು ರಂಧ್ರ ಕೂಡಿದ ಮೇಲಿನ ಭಾಗದಲ್ಲಿ ಆ ಬಗೆಯ ಕಂಪನವೇ ಇತ್ತು.

ಆ ಎರಡು ಮೇಲ್ಮೈಗಳ ನಡುವಿನ ಪ್ರದೇಶಕ್ಕೆ ಎರ್ಗೋಸ್ಫಿಯರ್ ಎಂಬ ಹೆಸರು ನಂತರ ಬಂತು. ಅಲ್ಲಿಗೆ ಹೋದದ್ದನ್ನು ರಂಧ್ರ ತನ್ನ ತಿರುಗಣಿಯ ದಿಕ್ಕಿಗೇ ಎಳೆಯುತ್ತದೆ, ಆದರೆ ಹೊರಬರಲು ಇನ್ನೂ ಅವಕಾಶವಿದೆ. ಅಲ್ಲಿ ಹಾಯುತ್ತ ಜೊತೆಗಿದ್ದ ವಸ್ತುವನ್ನು ಸರಿಯಾದ ದಿಕ್ಕಿನಲ್ಲಿ ರಂಧ್ರದೊಳಕ್ಕೆ ಎಸೆದರೆ, ಉಳಿದ ಭಾಗ ಒಳಗೆ ಹೋದಾಗಿನದಕ್ಕಿಂತ ಹೆಚ್ಚು ಶಕ್ತಿ ಹೊತ್ತು ಹೊರಬರುತ್ತದೆ ಎಂದು ರಾಜರ್ ಪೆನ್ರೋಸ್ 1969ರಲ್ಲಿ ತೋರಿಸಿದರು. ಗರಿಷ್ಠ ವೇಗದಲ್ಲಿ ತಿರುಗುವ ರಂಧ್ರದ ದ್ರವ್ಯರಾಶಿಯಲ್ಲಿ ಶೇ 29ರಷ್ಟು ಹೀಗೆ ತೆಗೆಯಬಹುದಾದ ಶಕ್ತಿ. ಕಥೆಗಾರರಿಗೆ ಇದೊಂದು ಖಜಾನೆ. ಆಮೇಲೆ ಬಂದ ಲೆಕ್ಕಗಳು ಮಾತ್ರ ಖಜಾನೆಗೆ ಬೀಗ ಜಡಿದವು: ಎಸೆಯುವ ವೇಗ ಬೆಳಕಿನ ಅರ್ಧಕ್ಕಿಂತ ಹೆಚ್ಚಿರಬೇಕು. ಅಂಥ ವೇಗದಲ್ಲಿ ಎಸೆಯುವ ತಾಕತ್ತಿದ್ದವನಿಗೆ ಕಪ್ಪುರಂಧ್ರದ ನೆರವೇ ಬೇಕಿಲ್ಲ.

ಸುಳಿಯ ಸುತ್ತು

ಈಗ ಅಪ್ಪಟ ಆಟಕ್ಕೆ ಬರೋಣ. ಎಂಜಿನ್ ಇಲ್ಲ, ಎಸೆತ ಇಲ್ಲ, ಗುರಿ ಇಟ್ಟು ಬೀಳುವುದಷ್ಟೇ. ನ್ಯೂಟನ್ನನ ಲೋಕದಲ್ಲಿ ದೂರದಿಂದ ಬಿದ್ದ ನೌಕೆ ಒಮ್ಮೆ ಬಾಗಿ ಹೊರಟುಹೋಗುತ್ತದೆ. ಐನ್‌ಸ್ಟೈನ್ ಲೋಕದಲ್ಲಿ ಹಾಗಲ್ಲ. ತಿರುಗದ ಕಪ್ಪುರಂಧ್ರದ ದಿಗಂತಕ್ಕೆ ಎರಡು ಪಟ್ಟು ದೂರದಲ್ಲಿ ಒಂದು ಗೆರೆಯಿದೆ. ದೂರದಲ್ಲಿ ಹೆಚ್ಚುಕಡಿಮೆ ನಿಂತ ಸ್ಥಿತಿಯಿಂದ ಬಿದ್ದ ನೌಕೆ ಈ ಗೆರೆಗಿಂತ ಒಳಗೆ ಇಳಿದರೆ ಮುಗಿಯಿತು, ತಾನಾಗಿ ಹೊರಬರುವಂತಿಲ್ಲ. ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ಉಳಿದರೆ ಮಾತ್ರ ಸೊಗಸು: ನೌಕೆ ರಂಧ್ರದ ಸುತ್ತ ಒಂದು, ಎರಡು, ಮೂರು ಸುತ್ತು ಗಿರಗಿರನೆ ತಿರುಗಿ, ಇದ್ದಕ್ಕಿದ್ದಂತೆ ಬಿಡಿಸಿಕೊಂಡು ದೂರ ಹಾರುತ್ತದೆ. ಭೌತವಿಜ್ಞಾನಿಗಳು ಇದನ್ನು ‘ಝೂಮ್–ವ್ಹರ್ಲ್’ ಕಕ್ಷೆ ಎನ್ನುತ್ತಾರೆ.

ಕ್ಷೀರಪಥದ ನಡುವಿನ ದೈತ್ಯ ತಿರುಗುವುದಿಲ್ಲ ಎಂದುಕೊಂಡು ಲೆಕ್ಕ ಹಾಕಿದರೆ ಆ ಗೆರೆ ಕೇಂದ್ರದಿಂದ 2.5 ಕೋಟಿ ಕಿ.ಮೀ. ದೂರದಲ್ಲಿರುತ್ತದೆ. ಅಲ್ಲಿ ನೌಕೆಯ ವೇಗ ಬೆಳಕಿನ ಶೇ 70. ಒಂದು ಸುತ್ತಿನ ಉದ್ದ 16 ಕೋಟಿ ಕಿ.ಮೀ., ಅಂದರೆ ಭೂಮಿಯಿಂದ ಸೂರ್ಯನವರೆಗಿನ ದೂರಕ್ಕಿಂತ ತುಸು ಹೆಚ್ಚು. ಅದನ್ನು ಮುಗಿಸಲು ದೂರದಲ್ಲಿರುವವರ ಗಡಿಯಾರದಲ್ಲಿ ಸುಮಾರು 18 ನಿಮಿಷ ಸಾಕು. ಅಲ್ಲಿ ನಿಶ್ಚಲವಾಗಿ ನಿಂತು ನೋಡಬಲ್ಲವರಿದ್ದರೆ ಅವರ ಆಕಾಶದಲ್ಲಿ 133 ಡಿಗ್ರಿಯಷ್ಟು ಅಗಲ ಬರೀ ಕಪ್ಪು. ನಕ್ಷತ್ರಗಳೆಲ್ಲ ಉಳಿದ ಭಾಗಕ್ಕೆ ಒತ್ತರಿಸಿಕೊಂಡಿರುತ್ತವೆ. ಸಾಲದ್ದಕ್ಕೆ ಈ ರಂಧ್ರ ಉಳಿದ ಎಷ್ಟೋ ದೈತ್ಯಗಳಿಗೆ ಹೋಲಿಸಿದರೆ ಸದ್ದಿಲ್ಲದ್ದು. ಸುತ್ತಲ ಬಿಸಿ ಅನಿಲ ಕಡಿಮೆ, ವಿಕಿರಣವೂ ಕಡಿಮೆ.

ಅಂಕ ಕೊಡುವುದು ಹೇಗೆ? ಸುತ್ತಿನ ಲೆಕ್ಕದಲ್ಲಿ. ಗಣಿತ ಇಲ್ಲೊಂದು ಕಠಿಣ ಶರತ್ತು ಹಾಕುತ್ತದೆ. ಒಂದು ಸುತ್ತು ಹೆಚ್ಚು ಬೇಕೆಂದರೆ ಗುರಿ ಸುಮಾರು 85 ಪಟ್ಟು ಹೆಚ್ಚು ನಿಖರವಾಗಬೇಕು. ಎರಡು ಸುತ್ತು ಹೆಚ್ಚಿಗೆ ಎಂದರೆ ಏಳು ಸಾವಿರ ಪಟ್ಟು, ಮೂರಕ್ಕೆ ಆರು ಲಕ್ಷ ಪಟ್ಟು, ಐದಕ್ಕೆ ನಾನೂರು ಕೋಟಿಗೂ ಮಿಗಿಲು. ತಪ್ಪು ಹೊರಗಡೆಗೆ ಆದರೆ ಸುತ್ತು ಕಡಿಮೆಯಾಗಿ ಸಪ್ಪೆ ಅಂಕ; ಒಳಗಡೆಗೆ ಆದರೆ ಆಟಗಾರನೇ ಇಲ್ಲ. ತೋಳ್ಬಲ, ಪ್ರತಿಕ್ರಿಯೆಯ ಚುರುಕು ಯಾವುದೂ ಇಲ್ಲಿ ಕೆಲಸಕ್ಕೆ ಬಾರದು. ಪಂದ್ಯದ ಫಲಿತಾಂಶ ನೌಕೆ ಬೀಳುವ ಮೊದಲೇ, ಗುರಿ ಇಟ್ಟ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಆಟಗಾರ ಅದನ್ನು ತಿಳಿಯಲು ಬಿದ್ದು ನೋಡಬೇಕು, ಅಷ್ಟೇ.

ಯಾರ ಗಡಿಯಾರ?

ಹೊರಗಿನವರಿಗೆ 18 ನಿಮಿಷ ಎಂದೆನಲ್ಲ, ಆ ಸುತ್ತಿನಲ್ಲಿ ಆಟಗಾರನ ಕೈಗಡಿಯಾರ ಓಡುವುದು ಒಂಬತ್ತೇ ನಿಮಿಷ. ಗುರುತ್ವ ಮತ್ತು ವೇಗ ಎರಡೂ ಸೇರಿ ಅವನ ಕಾಲವನ್ನು ಸರಿಯಾಗಿ ಅರ್ಧಕ್ಕೆ ಇಳಿಸುತ್ತವೆ. ದಾಖಲೆ ಪುಸ್ತಕದಲ್ಲಿ ಯಾವುದನ್ನು ಬರೆಯಬೇಕು? ಅವನು ರೇಡಿಯೊದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದಾನೆ ಎಂದುಕೊಳ್ಳಿ. ನಮ್ಮ ಕಡೆಗೆ ಧಾವಿಸುವ ಭಾಗದಲ್ಲಿ ಅವನ ಮಾತು 1.7 ಪಟ್ಟು ವೇಗವಾಗಿ, ಕೀರಲಾಗಿ ಕೇಳುತ್ತದೆ. ದೂರ ಸರಿಯುವ ಭಾಗದಲ್ಲಿ ಮೂರನೇ ಒಂದಕ್ಕಿಂತಲೂ ನಿಧಾನವಾಗಿ, ಗೊಗ್ಗರಾಗಿ. ಅವನು ಮಾತ್ರ ಒಂದೇ ಸಮನೆ ಮಾತಾಡಿರುತ್ತಾನೆ.

ತಿರುಗುವ ದೈತ್ಯ ರಂಧ್ರದ ಬಳಿ ಈ ಅಂತರ ನಿಮಿಷಗಳಲ್ಲಿ ನಿಲ್ಲುವುದಿಲ್ಲ. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರಕ್ಕೆ ಭೌತವಿಜ್ಞಾನಿ ಕಿಪ್ ಥಾರ್ನ್ ರೂಪಿಸಿದ ಗಾರ್ಗ್ಯಾಂಚುವಾ ಹತ್ತು ಕೋಟಿ ಸೂರ್ಯರ ತೂಕದ್ದು, ಹೆಚ್ಚುಕಡಿಮೆ ಗರಿಷ್ಠ ವೇಗದಲ್ಲಿ ತಿರುಗುವಂಥದ್ದು. ಅದರ ಬಳಿಯ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಹೊರಗೆ ಏಳು ವರ್ಷ. ಆ ಗ್ರಹಕ್ಕೆ ಇಳಿಯುವ ನೌಕೆ ಬೆಳಕಿನ ಮೂರನೇ ಒಂದರಷ್ಟು ವೇಗ ತಗ್ಗಿಸಬೇಕಿತ್ತು. ಅದಕ್ಕೆ ಮಧ್ಯಮ ಗಾತ್ರದ ಇನ್ನೊಂದು ಕಪ್ಪುರಂಧ್ರದ ಕವಣೆ ಬೇಕು ಎಂದು ಥಾರ್ನ್ ಹೇಳಿದ್ದರು. ಪ್ರೇಕ್ಷಕರಿಗೆ ಗೊಂದಲವಾದೀತು ಎಂದು ನಿರ್ದೇಶಕ ನೋಲನ್ ಅದನ್ನು ನ್ಯೂಟ್ರಾನ್ ನಕ್ಷತ್ರ ಮಾಡಿದರು. ಕೊನೆಗೆ ಗಾರ್ಗ್ಯಾಂಚುವಾದ ಅಂಚಿನಲ್ಲಿ ಒಂದು ಓಟ ಓಡಿ ಪಾರಾಗಲು ತಂಡ ತೆರುವ ಬೆಲೆ 51 ವರ್ಷ. ಅವರ ಕೈಗಡಿಯಾರದಲ್ಲಿ ಅಷ್ಟು ಕಾಲ ಕಳೆಯುವುದಿಲ್ಲ. ಮನೆಯಲ್ಲಿ ಕಾದವರ ಬದುಕಿನಿಂದ ಕಳೆಯುತ್ತದೆ.

ಫ್ರೆಡರಿಕ್ ಪೋಲ್ 1977ರ ‘ಗೇಟ್‌ವೇ’ ಕಾದಂಬರಿಯಲ್ಲಿ ಈ ಗಾಯವನ್ನು ಇನ್ನೂ ಆಳಕ್ಕೆ ಒಯ್ದರು. ಬಾಜಿ ಕಟ್ಟಿದಂತೆ ಗೊತ್ತಿಲ್ಲದ ಕಡೆಗೆ ನೌಕೆ ಏರುವವರ ಕಥೆ ಅದು. ಅದಕ್ಕೆ ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದವು. ಎರಡು ನೌಕೆಗಳು ಕಪ್ಪುರಂಧ್ರದ ಬಳಿ ಸಿಕ್ಕಿಬೀಳುತ್ತವೆ. ಒಂದನ್ನು ರಂಧ್ರದ ಕಡೆಗೆ ತಳ್ಳಿ ಇನ್ನೊಂದನ್ನು ಹೊರಗೆ ಚಿಮ್ಮಿಸುವುದೇ ಉಳಿದ ದಾರಿ. ಕಥಾನಾಯಕ ರಾಬಿನೆಟ್ ಬ್ರಾಡ್‌ಹೆಡ್ ಒಬ್ಬನೇ ಹೊರಬರುತ್ತಾನೆ, ಸಿರಿವಂತನಾಗುತ್ತಾನೆ, ಮನೋವೈದ್ಯ ಯಂತ್ರದ ಮುಂದೆ ಕೂತು ವರ್ಷಗಟ್ಟಲೆ ತಪ್ಪಿಸಿಕೊಳ್ಳುತ್ತಾನೆ. ಅವನು ಪ್ರೀತಿಸಿದವಳು ಇನ್ನೂ ಅಲ್ಲೇ ಇದ್ದಾಳೆ. ಅವನಿಗೆ ವರ್ಷಗಳು ಉರುಳಿದರೂ ಅವಳಿಗೆ ಅದು ಅದೇ ಕ್ಷಣ; ಅವನು ಬಿಟ್ಟುಹೋಗುತ್ತಿರುವುದು ಅವಳಿಗೆ ಇನ್ನೂ ಮುಗಿದಿಲ್ಲ. ಹಿಲ್ಸ್ ನಕ್ಷತ್ರಗಳಿಗೆ ಬರೆದ ಲೆಕ್ಕವೇ ಇದು. ಪೋಲ್ ಅದಕ್ಕೆ ಮನುಷ್ಯರ ಹೆಸರಿಟ್ಟರು, ಹಿಲ್ಸ್‌ಗಿಂತ ಹನ್ನೊಂದು ವರ್ಷ ಮೊದಲೇ.

ಹೀಗಾಗಿ ಕಪ್ಪುರಂಧ್ರದ ಆಟ ಉಳಿದ ಸಾಹಸ ಕ್ರೀಡೆಗಳ ಸಾಲಿಗೆ ಸೇರುವುದಿಲ್ಲ. ಬಂಡೆ ಏರುವವನು, ವಿಮಾನದಿಂದ ಜಿಗಿಯುವವನು ಪಣಕ್ಕಿಡುವುದು ತನ್ನ ಮೈಯನ್ನು. ಇಲ್ಲಿ ಮೈಗೆ ಏನೂ ತಾಗದೆಯೂ ಇರಬಹುದು. ಪಣಕ್ಕೆ ಬೀಳುವುದು ಬೇರೆಯವರ ಕಾಲ, ಕೆಲವೊಮ್ಮೆ ಬೇರೆಯವರ ಪ್ರಾಣ. ಮುಂದಿನ ಸಲ ತೆರೆಯ ಮೇಲೋ ಪುಟದಲ್ಲೋ ಯಾವನಾದರೂ ವೀರ ಕಪ್ಪುರಂಧ್ರ ಸುತ್ತಿ ಹೊರಗೆ ಚಿಮ್ಮಿದರೆ ಎರಡು ಪ್ರಶ್ನೆ ಕೇಳಿ: ಈ ವೇಗವನ್ನು ಯಾರಿಂದ ಕಿತ್ತುಕೊಂಡೆ? ನೀನು ಬರುವಷ್ಟರಲ್ಲಿ ಮನೆಯಲ್ಲಿ ಎಷ್ಟು ವರ್ಷ ಕಳೆಯಿತು? ಮೊದಲನೆಯದಕ್ಕೆ ಉತ್ತರವಿಲ್ಲದ ಕಥೆ ಬರೀ ಗಾರುಡಿ, ಎರಡನೆಯದಕ್ಕೆ ಉತ್ತರವಿಲ್ಲದ್ದು ಬರೀ ಕಾರ್ ರೇಸು. ಎರಡಕ್ಕೂ ಉತ್ತರ ಕೊಟ್ಟವರ ಪುಸ್ತಕವನ್ನು ಕೊಂಡು ಓದಬಹುದು.